ಬ್ರೆಜಿಲ್ಲಿನ ರೊಕ್ಕ, ತುಬಚಿಯ ಕಬ್ಬು



2015ರ ಬೇಸಿಗೆಯೊಳಗ ತುಬಚಿಯಿಂದ ನಾವು ಹತ್ತು-ಹನ್ನೆರಡು ಮಂದಿ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿಗೆ ಹೋಗಿದ್ದೆವು. ಜನವರಿಯಲ್ಲಿ ಕಳಿಸಿದ ಕಬ್ಬಿನ ಬಿಲ್ಲು ಮೇ ತಿಂಗಳಾದರೂ ಬಂದಿರಲಿಲ್ಲ. ಸಾಹೇಬರು ಚಹಾ ತರಿಸಿದರು, ಒಂದೇ ಮಾತು ಹೇಳಿದರು: "ಜಗತ್ತಿನ ಪೇಟ್ಯಾಗ ಸಕ್ಕರೆ ಬಿದ್ದೈತ್ರಿ. ಬ್ರೆಜಿಲ್ಲಿನವರು ಅಗ್ಗಕ್ಕ ಮಾರಾಕತ್ತಾರ. ನಾವೇನ ಮಾಡೂಣು?" ಹೊರಗೆ ಬಂದ ಮೇಲೆ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ತಮ್ಮಾ, ಅವರೂ ನಮ್ಮಂಗ ಕಬ್ಬು ಬೆಳಿಯಾವ್ರು. ಅಷ್ಟು ಅಗ್ಗಕ್ಕ ಮಾರಿದ್ರ ಅವರಿಗೆ ಹ್ಯಾಂಗ ಪೂರೈಸತೈತಿ?" ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಪತ್ರಿಕೆ ತಿರುವಿ, ಅವರಿವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಬ್ರೆಜಿಲ್ಲಿನ ನಾಣ್ಯದ ಹೆಸರು ರಿಯಾಲ್. ಅರಬರ ರಿಯಾಲ್ ಬೇರೆ, ಇದು ಬೇರೆ. ಆ ದೇಶದಲ್ಲಿ ತುಟ್ಟಿ ಎಷ್ಟಿತ್ತೆಂದರೆ 1986ರಿಂದ 1993ರೊಳಗೆ ನಾಲ್ಕು ಸಲ ರೊಕ್ಕದ ಹೆಸರನ್ನೇ ಬದಲಿಸಿದರು. ಕಡೆಗೆ 1994ರ ಜುಲೈ 1ರಂದು ಒಂದು ಡಾಲರಿಗೆ ಒಂದು ರಿಯಾಲ್ ಎಂದು ಹೊಸದು ಹೊರಡಿಸಿದರು. ಆಗ ನಮ್ಮಲ್ಲಿ ಡಾಲರಿಗೆ 31 ರೂಪಾಯಿ ಮೇಲೆ ಚಿಲ್ಲರೆ. ರೂಪಾಯಿ ಮತ್ತು ರಿಯಾಲನ್ನು ನೇರ ತೂಗುವ ತಕ್ಕಡಿ ಇಲ್ಲ, ಎರಡನ್ನೂ ಡಾಲರಿನಲ್ಲಿ ತೂಗಬೇಕು. ಹಾಗೆ ತೂಗಿದರೆ ಅಂದು ಒಂದು ರಿಯಾಲಿಗೆ ನಮ್ಮ 31 ರೂಪಾಯಿ ಆಯಿತು.

1999ರ ಜನವರಿಯಲ್ಲಿ ಬ್ರೆಜಿಲ್ ಸರಕಾರಕ್ಕೆ ಹಿಡಿದು ನಿಲ್ಲಿಸಲು ಆಗಲಿಲ್ಲ, ನಾಣ್ಯವನ್ನು ಕೈಬಿಟ್ಟಿತು. 35 ರೂಪಾಯಿಯ ಸುಮಾರಿಗಿದ್ದ ರಿಯಾಲ್ ಒಂದೇ ತಿಂಗಳಲ್ಲಿ 21ಕ್ಕೆ ಬಂತು. 2002ರ ಅಕ್ಟೋಬರಿನಲ್ಲಿ ಲೂಲಾ ಗೆಲ್ಲುವ ಹೊತ್ತಿಗೆ ಹನ್ನೆರಡು-ಹದಿಮೂರು. ಮುಂದೆ ಅವರ ಅದಿರು, ಸೋಯಾ ಎಲ್ಲಕ್ಕೂ ಗಿರಾಕಿ ಬಂದು 2011ರಲ್ಲಿ 28ಕ್ಕೆ ಏರಿತು. 2015ಕ್ಕೆ ಮತ್ತೆ ಹದಿನಾರು-ಹದಿನೇಳು, 2020ರ ಮೇದಲ್ಲಿ ಹದಿಮೂರು. ನಮ್ಮ ರೂಪಾಯಿಯೂ ಇಳಿದಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವರದು ನಮ್ಮದಕ್ಕಿಂತ ಜೋರಾಗಿ ಇಳಿದಿದೆ. ಕಬ್ಬಿನವನ ಕುತ್ತಿಗೆಗೆ ಬರುವುದು ಇದೇ.

ಹ್ಯಾಂಗ ಅಂತೀರಿ? ಲೆಕ್ಕ ಹಾಕೋಣ. 2011ರ ಜುಲೈದಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕಚ್ಚಾ ಸಕ್ಕರೆ ಪೌಂಡಿಗೆ ಸುಮಾರು 29 ಸೆಂಟು, ಅಂದರೆ ಕಿಲೋಕ್ಕೆ 64 ಸೆಂಟು. ಅದು ಬ್ರೆಜಿಲ್ಲಿನವನ ಕೈಯಲ್ಲಿ ಒಂದು ರಿಯಾಲ್, ನಮ್ಮ ಕೈಯಲ್ಲಿ 28 ರೂಪಾಯಿ. 2015ರ ಸೆಪ್ಟೆಂಬರಿಗೆ ದರ ಪೌಂಡಿಗೆ 12 ಸೆಂಟಿನ ಆಜೂಬಾಜು, ಕಿಲೋಕ್ಕೆ 26 ಸೆಂಟು. ಅರ್ಧಕ್ಕಿಂತ ಕೆಳಗೆ! ಆದರೆ ಆಗ ಡಾಲರಿಗೆ 3.9 ರಿಯಾಲ್ ಆಗಿತ್ತು. ಹೀಗಾಗಿ ಬ್ರೆಜಿಲ್ಲಿನವನಿಗೆ ಸಿಕ್ಕದ್ದು ಮತ್ತೆ ಅದೇ ಒಂದು ರಿಯಾಲ್. ಡಾಲರಿಗೆ 66 ರೂಪಾಯಿ ಇದ್ದ ನಮಗೆ 17 ರೂಪಾಯಿ. ಅದೇ ಸಕ್ಕರೆ, ಅದೇ ಪೇಟೆ. ಅಲ್ಲಿಯೂ ತುಟ್ಟಿ ಏರಿತ್ತು, ಡಾಲರಿನಲ್ಲಿ ಸಾಲ ಮಾಡಿದ್ದ ಹಲವು ಕಾರ್ಖಾನೆಗಳು ಬಾಗಿಲು ಹಾಕಿದವು ಎಂಬುದೂ ಖರೆ. ಆದರೂ ಉಳಿದವನಿಗೆ ಮಾರುವುದನ್ನು ನಿಲ್ಲಿಸುವ ಕಾರಣವೇ ಇರಲಿಲ್ಲ. ಅವನು ಮಾರಿದಷ್ಟೂ ದರ ಬಿತ್ತು. ಹಿರಿಯರ ಪ್ರಶ್ನೆಗೆ ಉತ್ತರ ಇಷ್ಟೇ.

ಇತ್ತ ಅದೇ ಅವಧಿಯಲ್ಲಿ ಕೇಂದ್ರದ ಎಫ್‌ಆರ್‌ಪಿ ಟನ್ನಿಗೆ 1,450ರಿಂದ 2,300ಕ್ಕೆ ಏರಿತ್ತು. ಏರಲೇಬೇಕಿತ್ತು, ಗೊಬ್ಬರ-ಕೂಲಿ-ಡೀಸೆಲ್ ನಿಂತಲ್ಲೇ ನಿಂತಿದ್ದವೇ? ಮೇಲೆ ಕಬ್ಬಿನ ದರ, ಕೆಳಗೆ ಸಕ್ಕರೆ ದರ, ನಡುವೆ ಸಿಕ್ಕ ಕಾರ್ಖಾನೆಯವರು ಮಾಡಿದ್ದೇನು? ಬ್ಯಾಂಕಿಗೆ ಕೊಟ್ಟರು, ನೌಕರರಿಗೆ ಕೊಟ್ಟರು, ನಮ್ಮದನ್ನು ಇಟ್ಟುಕೊಂಡರು. 2015ರ ಏಪ್ರಿಲಿನಲ್ಲಿ ದೇಶದಲ್ಲೆಲ್ಲ ಕೂಡಿ ಕಬ್ಬಿನ ಬಾಕಿ 21,000 ಕೋಟಿ ದಾಟಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿವಸದೊಳಗೆ ಬಿಲ್ಲು ಕೊಡಬೇಕು, ತಡವಾದರೆ ನೂರಕ್ಕೆ 15ರಂತೆ ಬಡ್ಡಿ. ನನ್ನ ಬಿಲ್ಲು ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಬಂತು, ಬಡ್ಡಿ ಒಂದು ಪೈಸೆ ಇಲ್ಲ. ಬೆಳೆಸಾಲ ಕೊಟ್ಟವರು ಮಾತ್ರ ತಮ್ಮ ಬಡ್ಡಿಯನ್ನು ಲೆಕ್ಕ ತಪ್ಪದೆ ಹಿಡಿದುಕೊಂಡರು. ಅಂದರೆ ರೂಪಾಯಿ-ರಿಯಾಲಿನ ಅಂತರವನ್ನು ಹೊತ್ತವನು ಪಾಸ್‌ಪೋರ್ಟೂ ಇಲ್ಲದ ತುಬಚಿಯ ರೈತ.

ಹೋಗಲಿ, ದರ ಏರಿದಾಗಲಾದರೂ ಪಾಲು ಸಿಕ್ಕಿತೇ? 2023ರ ನವೆಂಬರಿನಲ್ಲಿ ಅದೇ ನ್ಯೂಯಾರ್ಕಿನಲ್ಲಿ ಪೌಂಡಿಗೆ 27 ಸೆಂಟು ದಾಟಿತ್ತು, ಕಿಲೋಕ್ಕೆ ಹೆಚ್ಚುಕಡಿಮೆ 50 ರೂಪಾಯಿ. ಆಗ ಸಕ್ಕರೆ ರಫ್ತಿಗೆ ಬಾಗಿಲು ಹಾಕಿತ್ತು. ಬರಗಾಲ, ಊರ ಮಂದಿಗೆ ಸಕ್ಕರೆ ಬೇಕು ಎಂದರು. ಒಪ್ಪಿದೆವು. ಆದರೆ ಬಿದ್ದಾಗ ಜಗತ್ತಿನ ದರ, ಎದ್ದಾಗ ದೇಶದ ದರ ಎಂಬ ಈ ನ್ಯಾಯ ಯಾವ ಊರಿನದು?

ರೂಪಾಯಿಯನ್ನೂ ಇಳಿಸಿಬಿಡಿ ಎಂದು ನಮ್ಮವರೇ ಕೆಲವರು ಅನ್ನುತ್ತಾರೆ. ನನಗದು ಸರಿ ಕಾಣುವುದಿಲ್ಲ. ಪೊಟ್ಯಾಷ್ ಪೂರಾ ಹೊರಗಿನಿಂದ ಬರುತ್ತದೆ, ಡೀಸೆಲ್ಲೂ ಡಾಲರಿನ ಕೂಸು. ಬಿಲ್ಲಿನಲ್ಲಿ ಬಂದದ್ದು ಗೊಬ್ಬರದಂಗಡಿಯಲ್ಲಿ ಹೋಗುತ್ತದೆ.

ಇನ್ನೊಂದು ಮಾತು. 2025ರ ನವೆಂಬರಿನಲ್ಲಿ ಗುರ್ಲಾಪುರದಲ್ಲಿ ರೈತರು ಹಗಲು-ರಾತ್ರಿ ಕುಳಿತು ಟನ್ನಿಗೆ 3,300 ರೂಪಾಯಿ ಪಡೆದರಲ್ಲ, ಆಗ ರಿಯಾಲ್ ಕುಸಿದಿರಲಿಲ್ಲ. ಹಿಂದಿನ ವರ್ಷದ ಡಿಸೆಂಬರಿನಲ್ಲಿ 14ರ ಸುಮಾರಿಗಿದ್ದದ್ದು ಹದಿನಾರೂವರೆಗೆ ಏರಿತ್ತು. ಆದರೂ ಸಕ್ಕರೆ ಪೌಂಡಿಗೆ 15 ಸೆಂಟಿನ ಕೆಳಗೇ ಇತ್ತು, ಉತ್ಪಾದನೆ ಹೆಚ್ಚೆಂದು. ಆದ್ದರಿಂದ ಎಲ್ಲ ಸಲವೂ ನಾಣ್ಯವೇ ಕಾರಣವಲ್ಲ. ಮುಂದಿನ ಸಲ ಸಾಹೇಬರು ಬ್ರೆಜಿಲ್ಲಿನ ಹೆಸರು ಎತ್ತಿದರೆ ಅಲ್ಲಿಯೇ ಕೇಳಿರಿ: "ಈವತ್ತು ರಿಯಾಲಿಗೆ ಎಷ್ಟು ರೂಪಾಯಿ ಐತ್ರಿ?" ಮತ್ತೆ ಇದನ್ನೂ ಕೇಳಿರಿ: ಸಕ್ಕರೆ ಮತ್ತು ಅದರ ಉಪ-ಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ 70 ರೈತನಿಗೆ ಎಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತ್ತು. ಆ ಲೆಕ್ಕದ ಪುಸ್ತಕ ಎಲ್ಲಿದೆ, ತೋರಿಸಿರಿ.