ಕಾಲೇಜು ಬದಲಿಸುವ ಮುನ್ನ

ಹೋದ ಚೈತ್ರದಲ್ಲಿ ಒಂದು ದಿನ ಪಾಠ ಮುಗಿಸಿ ನಾನು ವರ್ಗದಿಂದ ಹೊರಬೀಳುತ್ತಿದ್ದಾಗ, ಬಿ.ಕಾಂ. ಮೊದಲ ವರ್ಷದ ಹುಡುಗನೊಬ್ಬ ಕೈಯಲ್ಲಿ ಕಾಗದ ಹಿಡಿದು ಬಾಗಿಲ ಬಳಿ ನಿಂತಿದ್ದ. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯವನು; ನಾನು ಪ್ರಶ್ನೆ ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತುವವನು. ಆ ಕಾಗದ ಬೆಂಗಳೂರಿನ ಹೆಸರಾಂತ ಕಾಲೇಜೊಂದರ ಬಿ.ಬಿ.ಎ. ತರಗತಿಯ ಅರ್ಜಿ. ಅದರೊಡನೆ ಅಧ್ಯಾಪಕರೊಬ್ಬರ ಶಿಫಾರಸು ಪತ್ರ ಬೇಕಾಗಿತ್ತು.

“ಇಲ್ಲಿ ಎಲ್ಲಾರಕಿಂತ ಮುಂದ ಅದೀನ್ರಿ ಸರ್. ಅಲ್ಲಿ ಹೋದ್ರ ಹಿಂದ ಬೀಳ್ತೀನೋ ಏನೋ. ಆದ್ರೂ ಹೋಗಬೇಕು ಅನಸ್ತೈತ್ರಿ” ಎಂದ.

ವಾಚಕರಿಂದ ನಿಜವನ್ನು ಮುಚ್ಚಿಡಲಾರೆ. ಆಗ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದುದು ಅವನ ಹಿತವಲ್ಲ, ನನ್ನ ನಷ್ಟ. ಇವನೂ ಹೋದರೆ ನನ್ನ ವರ್ಗದಲ್ಲಿ ಉತ್ತರ ಹೇಳುವವರಾರು? ಅದರ ಬೆನ್ನಿಗೇ ಇನ್ನೊಂದು ನೆನಪು ಬಂದು ಚುಚ್ಚಿತು. ಬಿ.ಎ. ಓದುತ್ತಿದ್ದಾಗ ನಾನೂ ಧಾರವಾಡಕ್ಕೆ ಹೋಗಬೇಕೆಂದು ಅರ್ಜಿ ಬರೆದಿದ್ದೆ. ಅಂಚೆಗೆ ಹಾಕಲಿಲ್ಲ. ಮನೆಯವರು ತಡೆದರೆಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ತಡೆದದ್ದು ನನ್ನ ಅಂಜಿಕೆಯೇ. ಆದ್ದರಿಂದ ಹುಡುಗನಿಗೆ, “ಎರಡು ದಿನ ತಡೆ, ವಿಚಾರಿಸಿ ಹೇಳುತ್ತೇನೆ” ಎಂದೆ.

ವಿಚಾರಿಸಿದಾಗ ಕಂಡುದು ಇಷ್ಟು. ಕಾಲೇಜು ಬದಲಿಸುವುದು ಬಸ್ಸು ಬದಲಿಸಿದಂತಲ್ಲ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ವ್ಯವಸ್ಥೆಗೆ ನಿಯಮಗಳನ್ನು ಹೊರಡಿಸಿತು. ಬ್ಯಾಂಕಿನಲ್ಲಿ ಹಣ ಕೂಡಿಡುವಂತೆ, ವಿದ್ಯಾರ್ಥಿಯು ಪಾಸಾದ ವಿಷಯಗಳ ಕ್ರೆಡಿಟ್ಟುಗಳು ಅವನ ಹೆಸರಿನಲ್ಲಿ ಹೆಚ್ಚೆಂದರೆ ಏಳು ವರ್ಷ ಜಮೆಯಾಗಿರುತ್ತವೆ; ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟನ್ನಾದರೂ ಗಳಿಸಿರಬೇಕು. ಕೇಳಲು ಬಹು ಸೊಗಸಾದ ಏರ್ಪಾಡು. ಆದರೆ ಜಮೆಯಾದ ನಾಣ್ಯ ಎದುರಿನ ಅಂಗಡಿಯಲ್ಲಿ ನಡೆಯಬೇಕಲ್ಲ! ಅಲ್ಲಿ ಸ್ಥಳ ತೆರವಿರಬೇಕು, ಇಲ್ಲಿ ಓದಿದ ವಿಷಯ ಅಲ್ಲಿಯ ವಿಷಯಕ್ಕೆ ಸಮವೆಂದು ಅವರು ಒಪ್ಪಬೇಕು. ನಮ್ಮ ರಾಜ್ಯದಲ್ಲಿಯೇ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಕ್ರಮ ಬಂದು, 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಯಾಯಿತು. ಸ್ವಾಯತ್ತ ಕಾಲೇಜುಗಳ ಪಠ್ಯವಂತೂ ಅವರವರದೇ. ಹೀಗಿರುವಾಗ ಬಿ.ಕಾಂ. ಬಿಟ್ಟು ಬಿ.ಬಿ.ಎ.ಗೆ ಹೋಗುವವನು ಮತ್ತೆ ಮೊದಲ ವರ್ಷದ ಬೆಂಚಿನಲ್ಲಿಯೇ ಕುಳಿತುಕೊಳ್ಳಬೇಕಾಗಿ ಬರುವುದು ಆಶ್ಚರ್ಯವಲ್ಲ. ಇಂದೂರಿನ ಐ.ಐ.ಎಂ. 2011ರಲ್ಲಿ ಆರಂಭಿಸಿದ ಐದು ವರ್ಷಗಳ ಕ್ರಮವಂತೂ ಹನ್ನೆರಡನೆಯ ತರಗತಿ ಮುಗಿಸಿದವರಿಗಾಗಿ. ಅಲ್ಲಿ ಪರೀಕ್ಷೆ, ಸಂದರ್ಶನ ಎರಡನ್ನೂ ದಾಟಬೇಕು.

ಅಮೆರಿಕೆಯಲ್ಲಿ ಮಾತೇ ಬೇರೆ. 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ವಾಣಿಜ್ಯ ಶಾಲೆ ಹುಟ್ಟಿದ ಆ ದೇಶದಲ್ಲಿ, ಒಂದೆರಡು ವರ್ಷ ಸಣ್ಣ ಕಾಲೇಜಿನಲ್ಲಿ ಓದಿ ದೊಡ್ಡದಕ್ಕೆ ಹೋಗುವುದು ರೂಢಿಯ ದಾರಿ. ಕ್ಯಾಲಿಫೋರ್ನಿಯಾ ಸಂಸ್ಥಾನವು 1960ರಲ್ಲಿ ತನ್ನ ಉನ್ನತ ಶಿಕ್ಷಣದ ಯೋಜನೆಯಲ್ಲಿಯೇ ಇದಕ್ಕೆ ಸ್ಥಾನ ಕೊಟ್ಟಿತು. ಅಲ್ಲಿ ಹತ್ತಲು ಮೆಟ್ಟಿಲಿದೆ. ನಮ್ಮಲ್ಲಿ ಹಲವು ಸಲ ಗೋಡೆಯನ್ನೇ ಹಾರಬೇಕು.

ಹಾರಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ವಾಣಿಜ್ಯ ಕಲಿಯಬೇಕೆಂದವನ ಕಣ್ಣು 1913ರಲ್ಲಿ ಆರಂಭವಾದ ಮುಂಬಯಿಯ ಸಿಡೆನಹ್ಯಾಂ ಕಾಲೇಜಿನತ್ತ ಹೊರಳುತ್ತಿದ್ದುದು ಸಹಜ. ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ಬಿಜಾಪುರಕ್ಕೆ ಬಂದು ವಕೀಲರಾಗಿ ನೆಲೆಸಿದರು. 1910ರಲ್ಲಿ ಜಿಲ್ಲೆಗೆ ಒಂದು ಶಿಕ್ಷಣ ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಲು ಮುಂದಾದವರು ಅವರೇ. ವಚನಗಳನ್ನು ಹುಡುಕಿ ಅಚ್ಚು ಮಾಡಿಸಿದವರೆಂದು ನಾವು ಅವರನ್ನು ನೆನೆಯುತ್ತೇವೆ. ಬ್ಯಾಂಕು ಕಟ್ಟಿದವರೆಂಬುದನ್ನು ಮರೆಯುತ್ತೇವೆ. ದೂರ ಹೋಗಿ ಕಲಿತ ವಿದ್ಯೆ ಒಂದು ನಾಡಿಗೆ ಹೀಗೂ ಒದಗುತ್ತದೆ.

ಭಾನುವಾರ ಕಳ್ಳಕವಟಗಿಗೆ ಹೋದೆ. ಮಣೂಕ ಒಣಗಿಸುವ ಕಾಲ. ಶೆಡ್ಡಿನೊಳಗೆ ಜಾಳಿಗೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರಡಿತ್ತು. ನಾಲ್ಕು ಕಿಲೋ ಹಣ್ಣು ನೆರಳಿನಲ್ಲಿ ಹದಿನೈದಿಪ್ಪತ್ತು ದಿನ ಒಣಗಿದರೆ ಸುಮಾರು ಒಂದು ಕಿಲೋ ಮಣೂಕ. ಅದನ್ನು ತಾಸಗಾವಿಯ ಪೇಟೆಗೆ ಒಯ್ಯಬೇಕೋ ಸಾಂಗಲಿಗೋ, ಈಗಲೇ ಮಾರಬೇಕೋ, ಬಾಡಿಗೆ ತೆತ್ತು ಶೀತಲಗೃಹದಲ್ಲಿಟ್ಟು ದರ ಏರುವವರೆಗೆ ಕಾಯಬೇಕೋ, ದಲಾಲಿ ಎಷ್ಟು, ಸಾಲದ ಬಡ್ಡಿ ಎಷ್ಟು: ಆ ಶೆಡ್ಡಿನಲ್ಲಿ ನಿಂತು ತಂದೆ ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ಕೇಳಿದಾಗ, ವಾಣಿಜ್ಯಶಾಸ್ತ್ರದ ಅರ್ಧ ಅಲ್ಲಿಯೇ ಇದೆ ಎನ್ನಿಸಿತು. ಮಗನನ್ನು ಬೆಂಗಳೂರಿಗೆ ಕಳುಹಿಸಬೇಕಾದರೆ ಈ ವರ್ಷದ ಮಾಲನ್ನು ದರಕ್ಕೆ ಕಾಯದೆ ಮಾರಬೇಕು. ಮೊದಲ ವರ್ಷವನ್ನು ಮತ್ತೆ ಓದಬೇಕಾದರೆ ಮೂರು ವರ್ಷದ ಖರ್ಚು ನಾಲ್ಕಾಗುತ್ತದೆ.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಪಡದ ಕಡೆ ಕೈ ತೋರಿಸಿದ.

“ನೋಡ್ರಿ ಗುರುಗಳ, ಈ ಬಳ್ಳೀದು ಬೇರು ಒಂದು, ಮ್ಯಾಲಿನ ತಳಿ ಒಂದು. ಬರ ತಡಕೊಳ್ಳೂದು ಬೇರು, ಹಣ್ಣ ಕೊಡೂದು ಮ್ಯಾಲಿಂದು. ಕಸಿ ಕಟ್ಟೂದು ತಪ್ಪಲ್ಲ. ವ್ಯಾಳ್ಯಾ ತಪ್ಪಿ ಕಟ್ಟಿದ್ರ ಎರಡೂ ಒಣಗತಾವು.”

ಇದಕ್ಕಿಂತ ಹೆಚ್ಚಿನದನ್ನು ನಾನೇನು ಹೇಳಲಿ? ಮೂವರೂ ಕುಳಿತು ಒಂದು ತೀರ್ಮಾನಕ್ಕೆ ಬಂದೆವು. ಮೊದಲು, ಈ ಸೆಮಿಸ್ಟರಿನ ಪರೀಕ್ಷೆಯನ್ನು ಚೆನ್ನಾಗಿ ಬರೆಯುವುದು, ಗಳಿಸಿದ್ದು ಗಳಿಸಿದ್ದೇ. ಎರಡನೆಯದು, ತನ್ನ ಯಾವ ಯಾವ ವಿಷಯಗಳನ್ನು ಒಪ್ಪುವರೆಂಬುದನ್ನು ಆ ಕಾಲೇಜಿನಿಂದ ಬರಹದಲ್ಲಿಯೇ ತರಿಸಿಕೊಳ್ಳುವುದು, ಬಾಯಿಮಾತನ್ನು ನೆಚ್ಚದಿರುವುದು. ಮೂರನೆಯದು, ಅಲ್ಲಿ ಸ್ಥಳ ಖಚಿತವಾಗುವವರೆಗೆ ಇಲ್ಲಿಯ ಟಿ.ಸಿ.ಯನ್ನು ತೆಗೆಯದಿರುವುದು. ಸೀಟು ಬಿಟ್ಟುಕೊಟ್ಟ ಮೇಲೆ ಹಿಂದಿರುಗುವ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯಿಲ್ಲ.

ಹೊರಡುವಾಗ ಹುಡುಗನನ್ನು ಒಂದೇ ಪ್ರಶ್ನೆ ಕೇಳಿದೆ: “ಆ ಕಾಲೇಜಿನ ಹೆಸರು ಬೇಕೋ, ಅಲ್ಲಿಯ ವಿದ್ಯೆ ಬೇಕೋ?”

ಅವನು ತಲೆ ತಗ್ಗಿಸಿ, “ಮೊದಲು ಹೆಸರ ಬೇಕನಸ್ತಿತ್ರಿ. ಈಗ ಅಪ್ಪನ ಲೆಕ್ಕ ಕೇಳಿದ ಮ್ಯಾಲ, ಮಾಲಿಗೆ ದರ ಕಟ್ಟೂದು ಕಲೀಬೇಕನಸ್ತೈತ್ರಿ” ಎಂದ.

ಅಂದು ರಾತ್ರಿಯೇ ಶಿಫಾರಸು ಪತ್ರ ಬರೆದೆ. ಒಳ್ಳೆಯ ವಿದ್ಯಾರ್ಥಿಯನ್ನು ಹಿಡಿದಿಟ್ಟುಕೊಳ್ಳುವುದು ಅಧ್ಯಾಪಕನ ಹಕ್ಕಲ್ಲ. ಕಣ್ಣು ಕಟ್ಟಿ ಕಳುಹಿಸದಿರುವುದು ಮಾತ್ರ ಅವನ ಧರ್ಮ. ಹುಡುಗನಿಗೆ ಸ್ಥಳ ದೊರೆತೀತೋ ಇಲ್ಲವೋ, ಅದು ಇನ್ನು ಮೇಲಿನ ಮಾತು. ದೊರೆತರೆ ನನ್ನ ವರ್ಗದ ಮುಂದಿನ ಬೆಂಚಿನಲ್ಲಿ ಒಂದು ಜಾಗ ಬರಿದಾಗುತ್ತದೆ. ದೊರೆಯದಿದ್ದರೆ, ಇಲ್ಲಿಯೇ ಕುಳಿತು ಓದುವ ಆ ಹುಡುಗ ಅರ್ಜಿ ಹಾಕುವ ಮೊದಲಿನ ಹುಡುಗನಾಗಿರುವುದಿಲ್ಲ.

ಪತ್ರವನ್ನು ಲಕೋಟೆಗೆ ಹಾಕಿ, ಮರುದಿನ ನಾನೇ ಅಂಚೆಗೆ ಹಾಕಿ ಬಂದೆ. ಈ ಸಲ ಅಂಜಲಿಲ್ಲ.