ಸೊನ್ನೆಯ ನಂತರ

ಕಚೇರಿಯಲ್ಲಿ ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸುವುದು ಬಹು ಸುಲಭ. ಜ್ಯೇಷ್ಠತೆಯ ಪಟ್ಟಿಯೊಂದಿದೆ, ಯಾರ ಹೆಸರು ಮೇಲಿದೆಯೋ ಅವರೇ ದೊಡ್ಡವರು. ಟೆಸ್ಟ್ ಕ್ರಿಕೆಟ್ಟಿನ ತರುಣ ದಾಂಡಿಗರಿಗೆ ಅಂಥ ಪಟ್ಟಿಯಿಲ್ಲ. ಇಲ್ಲದ ಕಾರಣದಿಂದಲೇ ಕಳೆದ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ಬಡಿಸಿದ ಹುಳಿಯನ್ನ ತಟ್ಟೆಯಲ್ಲೇ ಆರಿತು.

ಭದ್ರಾವತಿಯಿಂದ ಭಾವನವರು ಬಂದಿದ್ದರು. ನಮ್ಮ ಚಿರಂಜೀವಿ ಏಳನೆಯ ತರಗತಿಯವನು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಅವನಿಗೆ ಯಶಸ್ವಿ ಜೈಸ್ವಾಲನನ್ನು ಬಿಟ್ಟರೆ ಬೇರೆ ದಾಂಡಿಗನೇ ಇಲ್ಲ. ಉತ್ತರ ಪ್ರದೇಶದ ಭದೋಹಿಯ ಕಡೆಯಿಂದ ಬಂದ ಆ ಹುಡುಗ ಡೇರೆಯಲ್ಲಿ ಮಲಗಿ ಆಟ ಕಲಿತದ್ದು, ನಾವು ದಿನವೂ ಸಂಜೆ ರೈಲಿಗೆ ಓಡುವಾಗ ದಾಟುವ ಆಜಾದ್ ಮೈದಾನದಲ್ಲಿ. 2024ರಲ್ಲಿ ಇಂಗ್ಲೆಂಡಿನ ಮೇಲೆ ಐದು ಟೆಸ್ಟುಗಳಲ್ಲಿ 712 ರನ್ನು, ಅದರಲ್ಲಿ ಎರಡು ದ್ವಿಶತಕ! ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೂ ಅವನ ಮೇಲೆ ಮಮತೆ ಸ್ವಲ್ಪ ಹೆಚ್ಚೇ.

ಭಾವನವರ ಪಕ್ಷ ಬೇರೆ. "ಲೋ ಮರಿ, 2024ರಲ್ಲೇ ಮುಲ್ತಾನಿನಲ್ಲಿ ಹ್ಯಾರಿ ಬ್ರೂಕ್ 317 ಹೊಡೆದನಲ್ಲೋ, ಮುನ್ನೂರೆಂದರೆ ಹುಡುಗಾಟವೇ?" ಎಂದರು. ಅಷ್ಟಕ್ಕೇ ಬಿಡದೆ ನ್ಯೂಜಿಲೆಂಡಿನ ರಚಿನ್ ರವೀಂದ್ರನನ್ನೂ ಎಳೆತಂದರು. ಅವನ ತಂದೆತಾಯಿ ಬೆಂಗಳೂರಿನವರು. 2024ರ ಅಕ್ಟೋಬರಿನಲ್ಲಿ ಅದೇ ಬೆಂಗಳೂರಿನಲ್ಲಿ ಭಾರತ 46ಕ್ಕೆ ಕುಸಿದ ಮೇಲೆ ಅವನು 134 ಹೊಡೆದು, 36 ವರ್ಷಗಳ ನಂತರ ನಮ್ಮ ನೆಲದಲ್ಲಿ ತನ್ನ ದೇಶಕ್ಕೆ ಗೆಲುವು ತಂದುಕೊಟ್ಟವರಲ್ಲೊಬ್ಬನಾದ. ಭಾವನವರಿಗೆ ಭಾರತ ಸೋತ ದುಃಖವೂ ಇತ್ತು, ಗೆಲ್ಲಿಸಿದವನು ನಮ್ಮ ಕಡೆಯವನೆಂಬ ಹಿಗ್ಗೂ ಇತ್ತು.

ನಾವು ಶುಭಮನ್ ಗಿಲ್ಲನ ಕಡೆ ನಿಂತೆವು. 2025ರಲ್ಲಿ ನಾಯಕನಾಗಿ ಇಂಗ್ಲೆಂಡಿಗೆ ಹೋಗಿ 754 ರನ್ನು. ಎಜ್‌ಬಾಸ್ಟನ್ನಿನ ಒಂದೇ ಪಂದ್ಯದಲ್ಲಿ 269 ಮತ್ತು 161.

ಅಷ್ಟರಲ್ಲಿ ನಮ್ಮ ಮನೆಯವರು ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು, "ಅಣ್ಣಾ, ಎಲ್ಲರೂ ದೊಡ್ಡ ದೊಡ್ಡ ಮೊತ್ತವನ್ನೇ ಹೇಳುತ್ತೀರಲ್ಲ. ಸೊನ್ನೆಗೆ ಔಟಾದ ಮೇಲೆ ಯಾರು ಏನು ಮಾಡಿದರು, ಅದನ್ನು ಹೇಳಿ" ಎಂದರು.

ಮಗ ತಲೆ ತಗ್ಗಿಸಿದ. ಹಿಂದಿನ ದಿನ ಶಾಲೆಯ ಪಂದ್ಯದಲ್ಲಿ ಮೊದಲನೆಯ ಚೆಂಡಿಗೇ ಅವನ ಗೂಟ ಹಾರಿತ್ತು. ಮುಂದಿನ ಶನಿವಾರ ಹೋಗುವುದಿಲ್ಲವೆಂದು ಸಾರಿ, ಬ್ಯಾಟನ್ನು ಮಂಚದ ಕೆಳಗೆ ತಳ್ಳಿದ್ದ. "ಪಕ್ಕದ ಮನೆಯ ಹುಡುಗ ನಲವತ್ತು ಹೊಡೆದನಂತೆ" ಎಂದು ನಾವು ಅವಿವೇಕದಿಂದ ಹೇಳಿದ್ದೂ ಉಂಟು.

ಈಗ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಯಿತು. ಬ್ರೂಕನ 317 ದೊಡ್ಡದು, ನಿಜ. ಆದರೆ ಅದೇ ಪಂದ್ಯದಲ್ಲಿ ಪಾಕಿಸ್ತಾನವೂ 556 ಹೊಡೆದಿತ್ತು. ಚೆಂಡು ತಿರುಗತೊಡಗಿದ ಮುಂದಿನ ಎರಡು ಟೆಸ್ಟುಗಳಲ್ಲಿ ಅವನಿಗೆ ಅರ್ಧಶತಕವೂ ದಕ್ಕಲಿಲ್ಲ. ಆದರೆ ಅದೇ ಡಿಸೆಂಬರಿನಲ್ಲಿ ವೆಲಿಂಗ್ಟನ್ನಿನಲ್ಲಿ ಇಂಗ್ಲೆಂಡು 43ಕ್ಕೆ ನಾಲ್ಕು ವಿಕೆಟ್ ಕಳೆದುಕೊಂಡಿದ್ದಾಗ 123 ಹೊಡೆದ. ನಮಗೆ ಮುನ್ನೂರಕ್ಕಿಂತ ಇದೇ ತೂಕವೆನಿಸಿತು. ರಚಿನನೋ, ಮೊದಲ ಮೂರು ಟೆಸ್ಟುಗಳಲ್ಲಿ 18ನ್ನು ದಾಟದೆ ಎರಡು ವರ್ಷ ಹೊರಗುಳಿದು, 2024ರ ಫೆಬ್ರವರಿಯಲ್ಲಿ ಮರಳಿದ ಇನ್ನಿಂಗ್ಸಿನಲ್ಲೇ 240 ಬಾರಿಸಿದ. ಶ್ರೀಲಂಕೆಯ ಕಮಿಂದು ಮೆಂಡಿಸ್ ಮೊದಲ ಟೆಸ್ಟಿನಲ್ಲಿ 61 ಹೊಡೆದೂ ಎರಡನೆಯದಕ್ಕೆ ಇಪ್ಪತ್ತು ತಿಂಗಳು ಕಾದ. ಬಂದವನೇ ಎರಡೂ ಇನ್ನಿಂಗ್ಸಿನಲ್ಲಿ ಶತಕ.

2025ರ ಜುಲೈಯಲ್ಲಿ ಮ್ಯಾಂಚೆಸ್ಟರಿನಲ್ಲಿ ಭಾರತದ ಎರಡನೆಯ ಇನ್ನಿಂಗ್ಸು ಒಂದೂ ರನ್ನಿಲ್ಲದೆ ಎರಡು ವಿಕೆಟ್ ಕಳೆದುಕೊಂಡಾಗ ಗಿಲ್ 103 ಹೊಡೆದ, ಪಂದ್ಯ ಉಳಿಯಿತು. ಜೈಸ್ವಾಲನಂತೂ 2024ರ ನವೆಂಬರಿನಲ್ಲಿ, ಆಸ್ಟ್ರೇಲಿಯದಲ್ಲಿ ತಾನಾಡಿದ ಮೊದಲ ಟೆಸ್ಟಿನಲ್ಲಿ, ಪರ್ತಿನಲ್ಲಿ ಸೊನ್ನೆಗೆ ಔಟಾದ. ಎರಡನೆಯ ಸರದಿಯಲ್ಲಿ 161!

ಭಾವನವರು ಕೈ ತೊಳೆಯುವುದನ್ನೂ ಮರೆತರು. "ನಮ್ಮೂರಿನ ವಿಶ್ವನಾಥನೂ ಹಾಗೆಯೇ ಕಣೋ. 1969ರಲ್ಲಿ ಕಾನಪುರದಲ್ಲಿ, ಮೊದಲ ಟೆಸ್ಟ್, ಎದುರಿಗೆ ಆಸ್ಟ್ರೇಲಿಯ. ಮೊದಲು ಸೊನ್ನೆ, ಆಮೇಲೆ 137" ಎಂದು ತಮ್ಮ ತಂದೆಯವರ ಬಾಯಿಂದ ಕೇಳಿದ್ದನ್ನೆಲ್ಲ ಹೇಳಿದರು.

ಹೊಡೆತದ ವೇಗದಲ್ಲಿ ಬ್ರೂಕನಿಗೆ ಸಾಟಿಯಿಲ್ಲ, ಸೊಗಸು ಗಿಲ್ಲನದು. ಆದರೆ ಮನೆಯವರ ಅಳತೆಗೋಲಿನಲ್ಲಿ ಜೈಸ್ವಾಲನೇ ಒಂದು ಗೇಣು ಮೇಲೆಂದು ನಾವು ತೀರ್ಪಿತ್ತೆವು. ಮುಂಬಯಿಯ ಪಕ್ಷಪಾತವೆಂದು ವಾಚಕರು ನಕ್ಕರೆ ಅಡ್ಡಿಯಿಲ್ಲ.

ಇನ್ನೊಂದು ಸಂಗತಿ ಆ ರಾತ್ರಿ ಹೊಳೆಯಿತು. ಪರ್ತಿನಲ್ಲಿ ಜೈಸ್ವಾಲನೊಡನೆ 201 ರನ್ನಿನ ಜೊತೆಯಾಟ, ಮ್ಯಾಂಚೆಸ್ಟರಿನಲ್ಲಿ ಗಿಲ್ಲನೊಡನೆ 188; ಎರಡೂ ಸಲ ಆಚೆಯ ತುದಿಯಲ್ಲಿದ್ದವನು ಮಂಗಳೂರಿನ ಕಡೆ ಬೆಳೆದ ಕೆ. ಎಲ್. ರಾಹುಲ್. ತನಗೆ ಎರಡು ಸಲವೂ ಶತಕವಾಗಲಿಲ್ಲ, 77 ಮತ್ತು 90. ಬಿದ್ದವನು ಏಳುವಾಗ ಆಚೆಯ ತುದಿಯಲ್ಲಿ ಒಬ್ಬನು ಸುಮ್ಮನೆ ನಿಂತಿದ್ದರೂ ಸಾಕು. ನಾವಾದರೋ ಪಕ್ಕದ ಮನೆಯವನ ನಲವತ್ತನ್ನು ಎಣಿಸುತ್ತ ಕುಳಿತಿದ್ದೆವು.

ಶನಿವಾರ ಅರ್ಧ ದಿನದ ರಜೆ ಹಾಕಿ ಮೈದಾನದ ಅಂಚಿನಲ್ಲಿ ನಿಂತೆವು. ಮಂಚದ ಕೆಳಗಿನ ಬ್ಯಾಟು ತಾನಾಗಿಯೇ ಹೊರಗೆ ಬಂದಿತ್ತು. ಚಿರಂಜೀವಿ ಹನ್ನೊಂದು ರನ್ನು ಹೊಡೆದ.

ಎರಡು ಪಂದ್ಯಗಳ ಸರಾಸರಿ ಐದೂವರೆ. ಗುಮಾಸ್ತರ ಲೆಕ್ಕವಿದು, ತಪ್ಪಿಲ್ಲ. ಆದರೆ ಅಂದು ಮನೆಯಲ್ಲಿ ಪಾಯಸವಾಯಿತು.