ಕ್ವಿಬೆಕ್: ತಂಗುವುದೆಲ್ಲಿ, ಉಣ್ಣುವುದೇನು, ಯಾವ ಭಾಷೆಯಲ್ಲಿ?

ಕೆನಡಾದ ಕ್ವಿಬೆಕ್ ನಗರದ ಬಗೆಗಿನ ಪ್ರವಾಸಿ ಕೈಪಿಡಿಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಈಚೆಗೆ ನಮ್ಮವರು ಬರೆಯುವ ಪ್ರವಾಸ ಲೇಖನಗಳಲ್ಲಿಯೂ ಒಂದು ಮಾತು ತಪ್ಪದೆ ಬರುತ್ತದೆ: ಅಟ್ಲಾಂಟಿಕ್ ದಾಟದೆ ಯುರೋಪನ್ನು ನೋಡಬೇಕಾದರೆ ಕ್ವಿಬೆಕ್‌ಗೆ ಹೋಗಿ. ಈ ಮಾತು ಹುಟ್ಟಿದ್ದು ಬಾಸ್ಟನ್, ನ್ಯೂಯಾರ್ಕ್‌ಗಳಿಂದ ಕಾರಿನಲ್ಲಿ ಹೊರಟು ಬರುವ ಅಮೆರಿಕದ ಪ್ರವಾಸಿಗಾಗಿ. ಮುಂಬಯಿಯಿಂದಲೋ ದೆಹಲಿಯಿಂದಲೋ ಹೊರಡುವವನು ಸಾಮಾನ್ಯವಾಗಿ ಯುರೋಪನ್ನು ಹಾದುಕೊಂಡೇ ಅಲ್ಲಿಗೆ ಹೋಗಬೇಕು. ಅವನಿಗೂ ಇದೇ ಸಲಹೆಯನ್ನು ಕನ್ನಡದಲ್ಲಿ ಬರೆದುಕೊಡುವವರು ಊರನ್ನು ನೋಡಿ ಬರೆಯುತ್ತಿಲ್ಲ, ಕೈಪಿಡಿಯನ್ನು ನೋಡಿ ಬರೆಯುತ್ತಿದ್ದಾರೆ.

ಆ ಸಲಹೆಯ ಬೆನ್ನಿಗೇ ಒಂದು ಪಟ್ಟಿ ಇರುತ್ತದೆ. ತಂಗಲು ಈ ಹೋಟೆಲು, ಊಟಕ್ಕೆ ಈ ಬೀದಿ, ಕುಡಿಯಲು ಈ ಕಟ್ಟೆ. ಪಟ್ಟಿ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಪರಸ್ಥಳದಲ್ಲಿ ಹಸಿದವನಿಗೆ ವಿಳಾಸ ಬೇಕು. ನನ್ನ ತಕರಾರು ಇರುವುದು, ಈ ಪಟ್ಟಿಗಳು ಕ್ವಿಬೆಕ್ಕನ್ನು ಫ್ರಾನ್ಸಿನ ಒಂದು ಉಳಿಕೆ ಎಂದು ಮಾರುತ್ತವೆ ಎಂಬುದಕ್ಕೆ. ಕ್ವಿಬೆಕ್ ಯಾರ ಉಳಿಕೆಯೂ ಅಲ್ಲ. ಅದು ತನ್ನ ಭಾಷೆಯನ್ನು ಕಳೆದುಕೊಳ್ಳುವ ಅಂಚಿಗೆ ಬಂದು, ಕಳೆದುಕೊಳ್ಳಲಾರೆನೆಂದು ತೀರ್ಮಾನಿಸಿದ ಸಮಾಜದ ರಾಜಧಾನಿ. ಆ ತೀರ್ಮಾನವನ್ನು ಕಾಣದೆ ಅಲ್ಲಿ ನಾಲ್ಕು ದಿನ ತಂಗಿ, ಉಂಡು, ಕುಡಿದು ಬರುವುದು ಊರನ್ನು ನೋಡಿದಂತಲ್ಲ.

ಮೊದಲು ತಂಗುವ ವಿಷಯ. ಎಲ್ಲ ಪಟ್ಟಿಗಳ ಮೊದಲ ಹೆಸರು ಶಾತೋ ಫ್ರೊಂತ್ನಾಕ್. ಸೇಂಟ್ ಲಾರೆನ್ಸ್ ನದಿಯ ಮೇಲಿನ ಬಂಡೆಯ ನೆತ್ತಿಯಲ್ಲಿ, ಹಸಿರು ತಾಮ್ರದ ಚಾವಣಿ ಹೊತ್ತು ನಿಂತ ಈ ಹೋಟೆಲನ್ನು ಫ್ರೆಂಚ್ ಅರಮನೆಯೆಂದೇ ಬಹಳ ಮಂದಿ ತಿಳಿಯುತ್ತಾರೆ. ಅದು ಅರಮನೆಯಾಗಿ ಒಂದು ದಿನವೂ ಇರಲಿಲ್ಲ. ಇಂಗ್ಲಿಷರ ಬಂಡವಾಳದ ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ತನ್ನ ಸಿರಿವಂತ ಪ್ರಯಾಣಿಕರಿಗಾಗಿ ಕಟ್ಟಿಸಿ 1893ರಲ್ಲಿ ತೆರೆದ ಹೋಟೆಲು ಅದು. ವಾಸ್ತುಶಿಲ್ಪಿ ಬ್ರೂಸ್ ಪ್ರೈಸ್ ಅಮೆರಿಕದವನು. ನವ ಫ್ರಾನ್ಸಿನ ರಾಜ್ಯಪಾಲನಾಗಿದ್ದ ಫ್ರೊಂತ್ನಾಕ್‌ನ ಹೆಸರನ್ನು ಫ್ರೆಂಚರ ಆಳ್ವಿಕೆ ಮುಗಿದು ನೂರಮೂವತ್ತು ವರ್ಷಗಳಾದ ಮೇಲೆ ಫಲಕಕ್ಕೆ ಏರಿಸಲಾಯಿತು.

ಹೋಟೆಲಿನಿಂದ ಆಚೆ ನೋಡಿದರೂ ಕತೆ ಬೇರೆಯಲ್ಲ. ಊರ ತುದಿಯ ನಕ್ಷತ್ರಾಕಾರದ ಕೋಟೆ ಬ್ರಿಟಿಷ್ ಸೈನ್ಯ 1820ರ ನಂತರ ಕಟ್ಟಿದ್ದು. ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ಕೋಟೆಗೋಡೆಯನ್ನು ಊರಿನ ವರ್ತಕರು ಕೆಡವಿಸಲು ಹೊರಟಾಗ, 1870ರ ದಶಕದಲ್ಲಿ ಅದನ್ನು ಉಳಿಸಿಕೊಳ್ಳುವಂತೆ ಮಾಡಿದವನು ಅಂದಿನ ಗವರ್ನರ್ ಜನರಲ್ ಲಾರ್ಡ್ ಡಫರಿನ್. ಮುಂದೆ 1884ರಲ್ಲಿ ವೈಸರಾಯ್ ಆಗಿ ಭಾರತಕ್ಕೆ ಬಂದು, ಕಾಂಗ್ರೆಸ್ಸಿನ ವಿದ್ಯಾವಂತರನ್ನು ಕಣ್ಣಿಗೆ ಕಾಣದಷ್ಟು ಅಲ್ಪಸಂಖ್ಯಾತರೆಂದು ಜರೆದವನೂ ಇವನೇ. ಸೋತ ಜನರ ಕಲ್ಲುಗಳನ್ನು ಪ್ರೀತಿಸುವುದು ಸಾಮ್ರಾಜ್ಯಕ್ಕೆ ಎಂದೂ ಕಷ್ಟವಾಗಿಲ್ಲ. ಅವರ ಮಾತನ್ನು ಕೇಳುವುದೇ ಕಷ್ಟ. ಕೆಳಗಿನ ಪ್ಲಾಸ್ ರ್ವಾಯಾಲ್ ಚೌಕವಂತೂ, 1608ರಲ್ಲಿ ಶಾಂಪ್ಲೇನ್ ನೆಲೆಯೂರಿದ ಜಾಗವೆಂಬುದು ನಿಜವಾದರೂ, ಇಂದಿನ ರೂಪವನ್ನು ಬಹುಮಟ್ಟಿಗೆ ಪಡೆದದ್ದು 1960 ಮತ್ತು 70ರ ದಶಕಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳನ್ನು ಕಳಚಿ, ಮಹಡಿಗಳನ್ನು ಇಳಿಸಿ, ಫ್ರೆಂಚ್ ಕಾಲದ ಮನೆಗಳಂತೆ ಹೊಸದಾಗಿ ಕಟ್ಟಲಾಯಿತು. ಯುನೆಸ್ಕೊ 1985ರಲ್ಲಿ ಹಳೆಯ ಕ್ವಿಬೆಕ್ಕನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಊರಿನ ಫ್ರೆಂಚ್‌ತನ ಕಲ್ಲಿನಲ್ಲಿದೆ ಎಂದು ನಂಬಿ ಕಲ್ಲಿನ ನೋಟಕ್ಕೆ ದುಬಾರಿ ಬಾಡಿಗೆ ತೆರುವುದು ತಪ್ಪು.

ಹಾಗಾದರೆ ಎಲ್ಲಿ ತಂಗಬೇಕು? ಗೋಡೆಯ ಒಳಗೇ ಇರಬೇಕೆನ್ನುವವರಿಗೆ ಓಗುಸ್ತಿನ್ ಸನ್ಯಾಸಿನಿಯರ ಮಠವಿದೆ. 1639ರಲ್ಲಿ ಹಡಗಿನಲ್ಲಿ ಬಂದ ಮೂವರು ಸನ್ಯಾಸಿನಿಯರು ಆರಂಭಿಸಿದ ಆಸ್ಪತ್ರೆ, ಮೆಕ್ಸಿಕೋದಿಂದ ಉತ್ತರಕ್ಕೆ ಆ ಖಂಡದಲ್ಲೇ ಮೊದಲನೆಯದು. ಮಠದ ಹಳೆಯ ಭಾಗ 2015ರಿಂದ ಲಾಭದ ಉದ್ದೇಶವಿಲ್ಲದ ಅತಿಥಿಗೃಹ ಮತ್ತು ವಸ್ತುಸಂಗ್ರಹಾಲಯವಾಗಿದೆ. ಸನ್ಯಾಸಿನಿಯರ ಪುಟ್ಟ ಕೋಣೆಗಳಲ್ಲಿ ಮಲಗಬಹುದು. ಬೆಳಗಿನ ಉಪಾಹಾರ ಮೌನದಲ್ಲಿ ನಡೆಯುತ್ತದೆ. ಗೋಡೆಯ ಹೊರಗೆ ಸ್ಯಾಂ-ಜಾಂ-ಬಾಪ್ತಿಸ್ತ್, ಬಂಡೆಯ ಕೆಳಗೆ ಸ್ಯಾಂ-ರೋಕ್, ನದಿಯಾಚೆ ಲಿಮ್ವಾಲೂ ಬಡಾವಣೆಗಳಿವೆ. ಇವು ಕಾರ್ಮಿಕರ ಕೇರಿಗಳಾಗಿದ್ದವು. ಅಂಗಡಿಯವನು ನೆರೆಯವನೊಂದಿಗೆ ಹವೆಯ ಬಗ್ಗೆ ಗೊಣಗುವುದನ್ನು ಇಲ್ಲಿ ಕೇಳಬಹುದು; ಫ್ರೊಂತ್ನಾಕ್‌ನ ಅಂಗಳದಲ್ಲಿ ಕೇಳಲಾಗದು. ಆದರೆ ಖಾಸಗಿ ಮನೆ ಹಿಡಿಯುವವರು ಒಂದನ್ನು ಗಮನಿಸಬೇಕು. ಹಳೆಯ ಮಾಂಟ್ರಿಯಲ್‌ನ ಕಟ್ಟಡವೊಂದಕ್ಕೆ 2023ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಏಳು ಜನ ಸತ್ತ ಮೇಲೆ, ನೋಂದಣಿ ಸಂಖ್ಯೆಯಿಲ್ಲದ ಬಾಡಿಗೆ ಜಾಹೀರಾತನ್ನು ಪ್ರಕಟಿಸುವ ಜಾಲತಾಣಗಳಿಗೂ ದಂಡ ಹಾಕುವ ಕಾನೂನನ್ನು ಪ್ರಾಂತ್ಯ ತಂದಿತು. ಸಂಖ್ಯೆಯಿಲ್ಲದ ಮನೆಯನ್ನು ಅಗ್ಗವೆಂದು ಹಿಡಿಯುವವನು ಅಲ್ಲಿನ ಬಾಡಿಗೆದಾರನೊಬ್ಬನ ಸೂರಿಗೆ ಕೈಹಾಕಿದಂತೆ.

ಇನ್ನು ಊಟ. ಫ್ರಾನ್ಸಿನ ಕನ್ನಡಕ ಹಾಕಿಕೊಂಡವನು ಇಲ್ಲಿ ಎಡವುವುದು ಊಟದ ಹೆಸರಿನಲ್ಲಿಯೇ. ಪ್ಯಾರಿಸ್ಸಿನಲ್ಲಿ 'ದೆಜ್ಯುನೆ' ಎಂದರೆ ಮಧ್ಯಾಹ್ನದ ಊಟ; ಕ್ವಿಬೆಕ್‌ನಲ್ಲಿ ಬೆಳಗಿನ ತಿಂಡಿ. ಅಲ್ಲಿ 'ದಿನೆ' ರಾತ್ರಿಯೂಟ, ಇಲ್ಲಿ ಮಧ್ಯಾಹ್ನದ್ದು. ರಾತ್ರಿಯದು 'ಸುಪೆ'. ಇವು ಅಪಭ್ರಂಶಗಳಲ್ಲ, ಫ್ರಾನ್ಸು ಬಿಟ್ಟುಕೊಟ್ಟ ಹಳೆಯ ಬಳಕೆಗಳು. ಫ್ರಾನ್ಸಿನ ರಸ್ತೆಯ ಫಲಕದಲ್ಲಿ 'ಸ್ಟಾಪ್' ಎಂದಿರುತ್ತದೆ, ಕ್ವಿಬೆಕ್‌ನಲ್ಲಿ 'ಅರೆ'. ಪ್ಯಾರಿಸ್ಸಿನವರು 'ವೀಕೆಂಡ್' ಎನ್ನುತ್ತಾರೆ, ಇವರು ವಾರದ ಕೊನೆ ಎಂಬರ್ಥದ ತಮ್ಮದೇ ಪದ ಬಳಸುತ್ತಾರೆ. ಜಗತ್ತಿಗೆಲ್ಲ ಕೆಎಫ್‌ಸಿ ಆಗಿರುವ ಕೋಳಿ ಅಂಗಡಿ ಇಲ್ಲಿ ಪಿಎಫ್‌ಕೆ. ಪ್ಯಾರಿಸ್ಸಿನ ಪ್ರವಾಸಿ ಇದನ್ನು ಕೇಳಿ ನಗುವುದುಂಟು. ಇಂಗ್ಲಿಷಿನ ಸಮುದ್ರದ ನಡುವೆ ಬದುಕಬೇಕಾದವರಿಗೆ ಆ ನಗುವಿನ ಸುಖವಿಲ್ಲ.

ಪಟ್ಟಿಗಳು ಶಿಫಾರಸು ಮಾಡುವ ಬಸವನಹುಳು, ಈರುಳ್ಳಿ ಸೂಪುಗಳ ಬದಲು ಪೂಟೀನ್ ತಿನ್ನಬೇಕು: ಕರಿದ ಆಲೂಗಡ್ಡೆಯ ಮೇಲೆ ಹಲ್ಲಿಗೆ ಕಿರುಗುಟ್ಟುವ ತಾಜಾ ಗಿಣ್ಣಿನ ತುಂಡುಗಳು, ಅದರ ಮೇಲೆ ಬಿಸಿ ಸಾರು. 1950ರ ದಶಕದಲ್ಲಿ ಪ್ರಾಂತ್ಯದ ಹೈನುಗಾರಿಕೆಯ ಹಳ್ಳಿಗಳಲ್ಲಿ ಹುಟ್ಟಿದ ಇದನ್ನು ಬಡವರ, ಕುಡುಕರ ತಿನಿಸೆಂದು ಬಹುಕಾಲ ಹೀಯಾಳಿಸಿದರು. ಈಗ ಅದೇ ಕೆನಡಾದ ರಾಷ್ಟ್ರೀಯ ತಿನಿಸೆಂದು ಮೆರೆಯುತ್ತಿದೆ, ಹೀಯಾಳಿಸಿದವರೇ ಹಕ್ಕುದಾರರಾಗಿದ್ದಾರೆ. ಈ ನಗರದಲ್ಲಿ 1969ರಲ್ಲಿ ಆರಂಭವಾದ 'ಶೇ ಆಷ್ಟನ್' ಅಂಗಡಿಗಳಲ್ಲಿ ಅದನ್ನು ಊರಿನವರೊಂದಿಗೆ ಸಾಲು ನಿಂತು ತಿನ್ನಬಹುದು. ಸಸ್ಯಾಹಾರಿಗಳು ಸಾರಿನಲ್ಲಿ ಮಾಂಸದ ರಸವಿದೆಯೇ ಎಂದು ಕೇಳಿಯೇ ತಿನ್ನಬೇಕು. ಬಟಾಣಿ ಸೂಪಿನಲ್ಲಿಯೂ ಬೇಯಿಸಿದ ಹುರುಳಿಯಲ್ಲಿಯೂ ಹಂದಿಮಾಂಸ ಇರುವುದೇ ರೂಢಿ. 'ಸಾಂ ವಿಯಾಂದ್', ಅಂದರೆ ಮಾಂಸವಿಲ್ಲದೆ, ಎಂಬ ಎರಡು ಪದ ಕಲಿತರೆ ಹಸಿವೂ ನೀಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೋದವರು ಊರಾಚೆಯ ಸಕ್ಕರೆ ಗುಡಿಸಲುಗಳನ್ನು ತಪ್ಪಿಸಬಾರದು. ಸುಮಾರು ನಲವತ್ತು ಲೀಟರ್ ಮೇಪಲ್ ಮರದ ರಸ ಕುದಿದು ಒಂದು ಲೀಟರ್ ಪಾಕವಾಗುತ್ತದೆ. ಆಲೆಮನೆಯ ವಾಸನೆ ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ. ಹಣವುಳ್ಳವರಿಗೆ 'ತಾನಿಯೇರ್' ಇದೆ; ಮಿಶೆಲಿನ್ ಕೈಪಿಡಿ 2025ರಲ್ಲಿ ಮೊದಲ ಬಾರಿ ಪ್ರಾಂತ್ಯಕ್ಕೆ ಬಂದಾಗ ಎರಡು ನಕ್ಷತ್ರ ಪಡೆದ ಏಕೈಕ ಭೋಜನಾಲಯ. ಅಲ್ಲಿಯೂ ಬಡಿಸುವುದು ಪ್ಯಾರಿಸ್ಸಿನ ನೆನಪನ್ನಲ್ಲ, ಉತ್ತರದ ಕಾಡು ಮತ್ತು ನದಿಯ ಪದಾರ್ಥಗಳನ್ನು.

ಕುಡಿಯುವ ವಿಷಯದಲ್ಲಿ ಪಟ್ಟಿಗಳು ಬೋರ್ಡೋ ದ್ರಾಕ್ಷಾರಸವನ್ನು ಹೊಗಳುತ್ತವೆ. ಈ ಊರಿನ ಹಳೆಯ ಪೇಯವಾದರೋ ಬಿಯರು. ಆಡಳಿತಾಧಿಕಾರಿ ಜಾಂ ತಾಲೋಂ 1668ರಲ್ಲೇ ಇಲ್ಲಿ ಬಿಯರು ಭಟ್ಟಿ ಕಟ್ಟಿಸಿದ. ಫ್ರಾನ್ಸಿನಿಂದ ಮದ್ಯ ತರಿಸಿ ಹಣ ಸೋರಿಹೋಗುವುದನ್ನು ತಡೆಯುವುದು ಅವನ ಉದ್ದೇಶ. ಸ್ಯಾಂ-ರೋಕ್‌ನಲ್ಲಿ 1990ರ ದಶಕದಲ್ಲಿ ಕಾರ್ಮಿಕರ ಸಹಕಾರ ಸಂಘವಾಗಿ ಹುಟ್ಟಿದ 'ಲಾ ಬಾರ್ಬರಿ' ಆ ಪರಂಪರೆಯದು. ಎದುರಿನ ಓರ್ಲೆಯಾಂ ದ್ವೀಪದ ಸೇಬಿನ ಸೈಡರನ್ನೂ ಮರೆಯಬಾರದು. ಸ್ಯಾಂ-ಜಾಂ ಬೀದಿಯ 'ಲ ಸಾಕ್ರಿಲೇಜ್' ಪಾನಗೃಹದ ಹೆಸರಿಗೆ ದೈವದ್ರೋಹ ಎಂದರ್ಥ. ಕ್ವಿಬೆಕ್ಕಿನ ಬೈಗುಳಗಳೆಲ್ಲ ಚರ್ಚಿನ ಪೂಜಾಸಾಮಗ್ರಿಯ ಹೆಸರುಗಳು. ಪೂಜಾಪಾತ್ರೆ, ಪ್ರಸಾದದ ರೊಟ್ಟಿ, ಅದನ್ನಿಡುವ ಪೆಟ್ಟಿಗೆ. ಶತಮಾನಗಳ ಕಾಲ ಪಾದ್ರಿಗಳ ಹಿಡಿತದಲ್ಲಿದ್ದ ಜನ 1960ರ ದಶಕದಲ್ಲಿ ಅದರಿಂದ ಬಿಡಿಸಿಕೊಂಡ ಚರಿತ್ರೆ ಆ ಬೈಗುಳಗಳಲ್ಲಿ ಉಳಿದಿದೆ. ಬೋರ್ಡೋದ ಬಾಟಲಿಯಲ್ಲಿ ಇದು ಸಿಗದು.

ಆ ಬಿಡುಗಡೆಯ ಜೊತೆಗೇ ಭಾಷೆಯ ಬಿಡುಗಡೆಯೂ ಬಂತು. 1759ರ ಸೆಪ್ಟೆಂಬರ್ 13ರಂದು ಊರ ಹೊರಗಿನ ಬಯಲಿನಲ್ಲಿ ಫ್ರೆಂಚ್ ಸೈನ್ಯ ಸೋತಿತು. 1763ರ ಒಪ್ಪಂದದಲ್ಲಿ ಫ್ರಾನ್ಸು ಈ ಜನರನ್ನು ಬಿಟ್ಟುಕೊಟ್ಟಿತು. ಮುಂದಿನ ಎರಡು ಶತಮಾನ ಭಾಷೆ ಹಳ್ಳಿಯಲ್ಲಿ, ಚರ್ಚಿನಲ್ಲಿ, ಅಡುಗೆಮನೆಯಲ್ಲಿ ಉಳಿಯಿತು; ಬ್ಯಾಂಕು, ಕಾರ್ಖಾನೆ, ದೊಡ್ಡ ಅಂಗಡಿಗಳು ಇಂಗ್ಲಿಷಿನಲ್ಲಿ ನಡೆದವು. 1963ರಲ್ಲಿ ನೇಮಕವಾದ ದ್ವಿಭಾಷಾ ಆಯೋಗವು, ಸ್ವಂತ ಪ್ರಾಂತ್ಯದಲ್ಲೇ ಫ್ರೆಂಚ್ ಮೂಲದವರ ಸರಾಸರಿ ಗಳಿಕೆ ಇಂಗ್ಲಿಷರಿಗಿಂತ ಬಹಳ ಕೆಳಗಿರುವುದನ್ನು ತೋರಿಸಿತು. ಆಮೇಲೆ ಬಂದದ್ದು 1977ರ ಫ್ರೆಂಚ್ ಭಾಷಾ ಸನ್ನದು. ಕಚೇರಿ, ಉದ್ಯೋಗ, ವ್ಯಾಪಾರಗಳ ಭಾಷೆ ಫ್ರೆಂಚ್ ಆಯಿತು. ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೆ ಹೋಗತೊಡಗಿದರು. ಹೋಟೆಲಿನ ತಿಂಡಿಪಟ್ಟಿ ಇಂದು ಫ್ರೆಂಚಿನಲ್ಲಿರುವುದು ಅಲಂಕಾರಕ್ಕಲ್ಲ, ಈ ಕಾನೂನಿನಿಂದ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಫ್ರೆಂಚರೂ ಆಕ್ರಮಣಕಾರರೇ ಅಲ್ಲವೇ ಎಂಬುದು ಮೊದಲನೆಯದು. ನಿಜ. ಕ್ವಿಬೆಕ್ ಎಂಬ ಹೆಸರೇ ಮೂಲನಿವಾಸಿಗಳದು. ನದಿ ಕಿರಿದಾಗುವ ಜಾಗವೆಂದು ಅದರ ಅರ್ಥ. ನಗರದ ಪಕ್ಕದ ವೆಂದಾಕೆಯಲ್ಲಿ ಹ್ಯುರಾನ್-ವೆಂದಾತ್ ಜನರಿದ್ದಾರೆ. ಮಾತಾಡುವವರಿಲ್ಲದೆ ಮೌನವಾಗಿದ್ದ ತಮ್ಮ ಭಾಷೆಯನ್ನು ಅವರು 2007ರಿಂದ ಲಾವಾಲ್ ವಿಶ್ವವಿದ್ಯಾನಿಲಯದ ಜೊತೆಗೂಡಿ ಹಳೆಯ ಪಾದ್ರಿಗಳ ನಿಘಂಟುಗಳ ನೆರವಿನಿಂದ ಮತ್ತೆ ಕಲಿಯುತ್ತಿದ್ದಾರೆ. ಅವರದೇ ಹೋಟೆಲು, ವಸ್ತುಸಂಗ್ರಹಾಲಯ, ಭೋಜನಾಲಯ ಅಲ್ಲಿವೆ. ಒಂದು ರಾತ್ರಿಯನ್ನಾದರೂ ಅಲ್ಲಿ ಕಳೆಯಬೇಕು. ಫ್ರೆಂಚಿಗಾಗಿ ಹೋರಾಡಿದವರು ವೆಂದಾತ್ ಭಾಷೆಯ ಮೌನಕ್ಕೆ ಉತ್ತರ ಕೊಡಲೇಬೇಕು. ಆದರೆ ಈ ಪ್ರಶ್ನೆ ಕ್ವಿಬೆಕ್ಕಿನ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಇಂಗ್ಲಿಷಿಗೆ ದಾರಿ ಬಿಡಲು ಕಾರಣವಾಗದು.

ಭಾಷೆ ಪ್ರೀತಿಯಿಂದ ಉಳಿಯಬೇಕು, ಕಾನೂನಿನಿಂದಲ್ಲ ಎಂಬುದು ಎರಡನೆಯದು. ಕಾನೂನು ಅತಿರೇಕಕ್ಕೆ ಹೋಗುವುದುಂಟು. ಮಾಂಟ್ರಿಯಲ್‌ನ ಇಟಾಲಿಯನ್ ಭೋಜನಾಲಯವೊಂದರ ತಿಂಡಿಪಟ್ಟಿಯಲ್ಲಿದ್ದ 'ಪಾಸ್ತಾ' ಪದಕ್ಕೆ 2013ರಲ್ಲಿ ಭಾಷಾ ಕಚೇರಿ ಆಕ್ಷೇಪಿಸಿ ಜಗತ್ತಿನ ಮುಂದೆ ನಗೆಪಾಟಲಾಯಿತು. ಅಂಗಡಿಯವರು 'ಬೋಂಜೂರ್' ಎಂದಷ್ಟೇ ಹೇಳಲಿ, ಅದಕ್ಕೆ 'ಹಾಯ್' ಸೇರಿಸದಿರಲಿ ಎಂದು 2017ರಲ್ಲಿ ಇದೇ ಊರಿನ ಶಾಸನಸಭೆ ಅವಿರೋಧವಾಗಿ ಕೋರಿದ್ದನ್ನೂ ನಕ್ಕು ಬಿಡಬಹುದು. ಆದರೆ ಇಂಗ್ಲಿಷ್ ಪ್ರೀತಿಯಿಂದಷ್ಟೇ ಹರಡಿತೇ? ಅದರ ಹಿಂದೆ ಸೈನ್ಯ, ಸಂಬಳ, ರೈಲ್ವೆ ಎಲ್ಲ ಇದ್ದವು. ಬಲವಂತನ ಭಾಷೆಗೆ ಮಾರುಕಟ್ಟೆಯೇ ಕಾನೂನು. ಬಲವಿಲ್ಲದ ಭಾಷೆಗೆ ಮಾತ್ರ ಪ್ರೀತಿಯ ಉಪದೇಶ.

ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಬೇಕೆಂದು ಕರ್ನಾಟಕ 2024ರಲ್ಲಿ ಕಾನೂನು ತಂದಾಗ ಹೊರನಾಡಿನ ನಾವೆಲ್ಲ ಹಿಗ್ಗಿದೆವು. ಕ್ವಿಬೆಕ್ ಅದನ್ನು ಮೂರನೇ ಎರಡು ಭಾಗಕ್ಕೆ ಏರಿಸಿದ ನಿಯಮ 2025ರ ಜೂನ್‌ನಲ್ಲಿ ಜಾರಿಗೆ ಬಂದಿದೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಮುಂಬಯಿಯಲ್ಲಿ, ಚೆನ್ನೈಯಲ್ಲಿ ಕುಳಿತು ಬರೆಯುವ ನಮ್ಮಲ್ಲಿ ಎಷ್ಟು ಮಂದಿ ಮೂವತ್ತು ವರ್ಷ ಮರಾಠಿಯ, ತಮಿಳಿನ ಗಾಳಿ ಕುಡಿದೂ ತರಕಾರಿಯವಳೊಂದಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವ್ಯವಹರಿಸುತ್ತಿದ್ದಾರೆ? ಅತಿಥಿಯ ಕರ್ತವ್ಯವನ್ನು ಪರರಿಗೆ ಹೇಳುವವರು ತಾವು ಅತಿಥಿಗಳಾದಲ್ಲಿ ಅದನ್ನು ಪಾಲಿಸಬೇಕು. ವಾಸ ಮೂವತ್ತು ವರ್ಷದ್ದಾಗಲಿ, ನಾಲ್ಕು ದಿನದ್ದಾಗಲಿ.

ಆದ್ದರಿಂದ ಕ್ವಿಬೆಕ್‌ಗೆ ಹೋಗುವ ಕನ್ನಡಿಗರಿಗೆ ನನ್ನ ಪಟ್ಟಿ ಇಷ್ಟೇ. ಫ್ರೊಂತ್ನಾಕ್‌ನ ಮುಂದಿನ ಜಗಲಿಯಲ್ಲಿ ಪುಕ್ಕಟೆಯಾಗಿ ಅಡ್ಡಾಡಿ, ನದಿ ನೋಡಿ. ಮಲಗಲು ಮಠಕ್ಕೋ ಸ್ಯಾಂ-ರೋಕ್‌ಗೋ ಹೋಗಿ. ಊರಿನವರು ತಿನ್ನುವುದನ್ನು ತಿನ್ನಿ, ಅವರು ಕುಡಿಯುವುದನ್ನು ಕುಡಿಯಿರಿ. ಎದುರಿನವರು ನಿಮ್ಮ ಉಚ್ಚಾರ ಕೇಳಿ ಕನಿಕರದಿಂದ ಇಂಗ್ಲಿಷಿಗೆ ಹೊರಳುತ್ತಾರೆ. ಹೊರಳಲಿ. ಮೊದಲ ಮಾತನ್ನು ಮಾತ್ರ ನೀವು ಅವರ ಭಾಷೆಯಲ್ಲೇ ಆಡಿ.